ಪೂಜೆಗೆ ಕೂತ ಹಳದಿ ಪೆಟ್ಟಿಗೆ

ನನ್ನ ಭಾವನಷ್ಟು ಬೀಗದ ಹುಚ್ಚಿನ ಮನುಷ್ಯನನ್ನು ನಾನು ನೋಡಿಲ್ಲ. ಭಾವ ಎಂದರೆ ನನ್ನ ತಂಗಿಯ ಗಂಡ. ಡೊಂಬಿವಲಿಯ ಮನೆಯಿಂದ ಎಲ್ಲರೂ ಹೊರಟು, ಮೆಟ್ಟಿಲಿಳಿದು, ಆಟೋದಲ್ಲಿ ಕೂತ ಮೇಲೆ “ಒಂದ್ನಿಮಿಷ” ಎಂದು ಮತ್ತೆ ಮೂರು ಮಾಳಿಗೆ ಹತ್ತಿ ಬೀಗ ಜಗ್ಗಿ ನೋಡಿ ಬರುತ್ತಿದ್ದ. ತಂಗಿ ಹಲ್ಲು ಕಡಿಯುತ್ತಿದ್ದಳು, ನಾನು ನಗುತ್ತಿದ್ದೆ. ಅಂಥವನನ್ನು ಇಂದು ನಮ್ಮ ಬಳಗದವರು ಗುರುತಿಸುವುದು ಬೀಗ ಹಾಕಲು ಮರೆತು ಕೆಲಸ ಕಳೆದುಕೊಂಡವ ಎಂದು. ಆ ಹೆಸರು ಅವನಿಗೆ ಅಂಟಿದ್ದು ನನ್ನಿಂದ. ಈವರೆಗೆ ನಾನದನ್ನು ಯಾರ ಮುಂದೆಯೂ ಹೇಳಿಲ್ಲ.

ನಾವಿಬ್ಬರೂ ಮುಂಬೈ ಪಕ್ಕದ ಠಾಣೆಯಲ್ಲಿ, ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದೇ ಲ್ಯಾಬಿನಲ್ಲಿದ್ದೆವು. ರಸ್ತೆ, ಸೇತುವೆ ಕಟ್ಟುವ ಕಂಟ್ರಾಕ್ಟರುಗಳಿಗೆ ಮಣ್ಣು, ಜಲ್ಲಿ, ಡಾಂಬರು ಪರೀಕ್ಷಿಸಿ ರಿಪೋರ್ಟು ಕೊಡುವುದು ಲ್ಯಾಬಿನ ಕಸುಬು. ನಾನು ಸ್ಟೋರಿನ ಇನ್‌ಚಾರ್ಜ್. ಉಡುಪಿ ಕಡೆಯಿಂದ ಬಂದು ಮೊದಲು ಹೋಟೆಲಿನಲ್ಲಿ ಪ್ಲೇಟು ಎತ್ತಿ, ನೈಟ್ ಸ್ಕೂಲಿನಲ್ಲಿ ಕಲಿತು, ಲ್ಯಾಬು ಸೇರಿ, ಒಂದೊಂದೇ ಪರೀಕ್ಷೆ ಪಾಸು ಮಾಡಿಕೊಂಡು ಮೇಲೆ ಬಂದವನು. ತಂಗಿಯನ್ನು ಮದುವೆಯಾದಾಗ ಭಾವ ಕಲ್ಯಾಣದ ಒಂದು ವರ್ಕ್‌ಶಾಪಿನಲ್ಲಿ ಲೇತು ತಿರುಗಿಸುತ್ತಿದ್ದ. ಅವನನ್ನು ಕರೆತಂದು ಟ್ರೇನಿಂಗಿಗೆ ಕಳಿಸಿ, ಗೇಜಿನ ಆಪರೇಟರ್ ಮಾಡಿದವನು ನಾನು. ಇದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುವ ಚಾಳಿಯೂ ನನಗಿತ್ತು.

ಗೇಜು ಎಂದರೆ ಹೊಸದಾಗಿ ಹಾಸಿದ ರಸ್ತೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಅಲ್ಲೇ ನಿಂತು ಹೇಳುವ ಯಂತ್ರ. ಒಂದು ಹಳದಿ ಪೆಟ್ಟಿಗೆಯಲ್ಲಿರುತ್ತದೆ; ಇಬ್ಬರು ಎತ್ತಿದರೆ ಸಲೀಸು, ಒಬ್ಬನೇ ಎತ್ತಿದರೆ ಸೊಂಟ ನೆನಪಿಟ್ಟುಕೊಳ್ಳುತ್ತದೆ. ಅದರ ಹೊಟ್ಟೆಯೊಳಗೆ ವಿಕಿರಣ ಸೂಸುವ ವಸ್ತುವಿನ ಚಿಕ್ಕ ಗುಳಿಗೆಗಳಿವೆ. ಒಂದು ಗುಳಿಗೆ ಉಕ್ಕಿನ ಕಡ್ಡಿಯ ತುದಿಯಲ್ಲಿ ಕೂತಿರುತ್ತದೆ, ಕಡ್ಡಿಯನ್ನು ನೆಲದೊಳಗೆ ಇಳಿಸಿ ಒಂದು ನಿಮಿಷ ಕಾದರೆ ಲೆಕ್ಕ ಬರುತ್ತದೆ. ಕಡ್ಡಿ ಮೇಲಿದ್ದು ಅದಕ್ಕೆ ಬೀಗ ಬಿದ್ದಿದ್ದರೆ ಹೆದರುವಂಥದ್ದೇನಿಲ್ಲ. ಆದರೆ ಯಾರಾದರೂ ಅದನ್ನು ಒಡೆದು ಗುಳಿಗೆ ತೆಗೆದು ಜೇಬಿಗೆ ಹಾಕಿಕೊಂಡರೆ, ಮನೆಯ ಕಪಾಟಿನಲ್ಲಿಟ್ಟರೆ, ಮೈ ಸುಡುತ್ತದೆ, ರಕ್ತ ಕೆಡುತ್ತದೆ. ಕಳ್ಳನಿಗೆ ಇದೆಲ್ಲ ಗೊತ್ತಿರುವುದಿಲ್ಲ. ಅದಕ್ಕೇ ಸ್ಟೋರಿನ ಕಬ್ಬಿಣದ ಬಾಗಿಲು, ಗೋಡೆಗೆ ಸರಪಳಿ, ಪೆಟ್ಟಿಗೆಗೆ ಬೇರೆ ಬೀಗ, ಒಯ್ಯುವಾಗ ಒಂದು ಸಹಿ, ತಂದಿಡುವಾಗ ಇನ್ನೊಂದು ಸಹಿ.

ಭಾವ ಈ ನಿಯಮಗಳನ್ನು ಬಾಯಿಪಾಠ ಮಾಡಿದ್ದಷ್ಟೇ ಅಲ್ಲ, ನಂಬಿದ್ದ. ಶಿಳಫಾಟಾ ರಸ್ತೆಯ ಸೈಟಿನಲ್ಲಿ ಎಲ್ಲರೂ ಚಹಾಕ್ಕೆ ಹೋದರೆ ಇವನು ಜೀಪಿನ ಹಿಂದೆ ಪೆಟ್ಟಿಗೆಯ ಪಕ್ಕ ನಿಂತಿರುತ್ತಿದ್ದ; ಚಹಾ ಅಲ್ಲಿಗೇ ಬರಬೇಕು. ನವಿ ಮುಂಬೈಯ ಸೈಟಿನಿಂದ ಬರುವಾಗ ಜೀಪು ಕೆಟ್ಟು ನಿಂತ ಒಂದು ದಿನ, “ರಿಕ್ಷಾದಲ್ಲಿ ಹಾಕ್ಕೊಂಡು ಬಾ ಮಾರಾಯ, ಯಾರಿಗೆ ಗೊತ್ತಾಗ್ತದೆ” ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಅವನು ಬರಲಿಲ್ಲ. ಬೇರೆ ಜೀಪು ಹೋಗುವವರೆಗೆ ನಾಲ್ಕು ಗಂಟೆ ಬಿಸಿಲಿನಲ್ಲಿ ಕಾದ. “ನನಗೆ ಹೆದರಿಕೆ ಅಂತಲ್ಲ ಭಾವೆರೆ, ರಿಕ್ಷಾದವನಿಗೆ ಗೊತ್ತಿಲ್ಲದೆ ಅವನ ಬೆನ್ನ ಹಿಂದೆ ಇಡೋದು ಸರಿಯಲ್ಲ” ಎಂದ. ನಾವು ತುಳು ಮಾತಾಡುವವರು, ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವವರು. ಅವನು ಮಾತ್ರ ನನಗೆ ಯಾವಾಗಲೂ ಗೌರವ ಸೇರಿಸಿ “ಭಾವೆರೆ” ಎನ್ನುತ್ತಿದ್ದ. ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಜು, ಮೈಗೆ ಎಷ್ಟು ವಿಕಿರಣ ತಾಗಿತೆಂದು ಅಳೆಯಲು ಕೊಡುತ್ತಾರಲ್ಲ, ಅದನ್ನು ಅವನು ಪೊಲೀಸರು ಪದಕ ಹಾಕಿಕೊಂಡ ಹಾಗೆ ಹಾಕಿಕೊಳ್ಳುತ್ತಿದ್ದ. ನನಗೆ ಅದೂ ತಮಾಷೆಯಾಗಿತ್ತು.

ಇನ್ನು ಆ ನವಮಿಯ ದಿನಕ್ಕೆ ಬರುತ್ತೇನೆ.

ಇಲ್ಲಿಯವರು ದಸರೆಯ ದಿನ ಯಂತ್ರಗಳಿಗೆ ಹೂ ಹಾಕಿ ಮುಗಿಸುತ್ತಾರೆ. ನಮ್ಮ ಲ್ಯಾಬಿನಲ್ಲಿ ಮಾತ್ರ ನಾನಿದ್ದೆನಲ್ಲ, ಊರಿನ ಕ್ರಮದಂತೆ ಹಿಂದಿನ ದಿನವೇ ಆಯುಧ ಪೂಜೆ. ನಮ್ಮ ಮನೆಯಲ್ಲಿ ಅಪ್ಪ ಕತ್ತಿ, ಹಾರೆ, ಹೊಲಿಗೆ ಮೆಶಿನು ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದ ಮೇಲೆ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿರಲಿಲ್ಲ. ತೆಂಗಿನಕಾಯಿ ತುರಿಯಲೂ ಪಕ್ಕದ ಮನೆಗೆ ಹೋಗಬೇಕು. ಆ ದಿನ ಆಯುಧಗಳಿಗೆ ವಿಶ್ರಾಂತಿ. ದಶಮಿಯ ಬೆಳಿಗ್ಗೆ ನಮಸ್ಕಾರ ಮಾಡಿ ಎತ್ತಿದರೆ ವರ್ಷವಿಡೀ ಕೈ ಹಿಡಿಯುತ್ತವೆ ಎಂದು ನಾನು ನಂಬಿದ್ದೆ, ಈಗಲೂ ಪೂರ್ತಿ ಬಿಟ್ಟಿಲ್ಲ. ಲ್ಯಾಬಿನಲ್ಲೂ ಹಾಗೇ ನಡೆಸುತ್ತಿದ್ದೆ. ಲ್ಯಾಬು ನಡೆಸುವ ಸಾಹೇಬರು ಮರಾಠಿಯವರು, ಒಳ್ಳೆಯವರು, ಆರತಿ ತೆಗೆದುಕೊಂಡು ಪ್ರಸಾದ ತಿಂದು ಹೋಗಿಬಿಡುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಗೇಜು ಸ್ಟೋರಿನ ಒಳಗೇ ಇರುತ್ತಿತ್ತು, ನಾನೇ ಒಳಗೆ ಹೋಗಿ ಅದಕ್ಕೊಂದು ಹೂ ಇಟ್ಟು ಬರುತ್ತಿದ್ದೆ. ಆ ವರ್ಷ ಯಾಕೋ, ಲ್ಯಾಬಿನ ಅತಿ ದೊಡ್ಡ ಆಯುಧ ಕತ್ತಲೆಯಲ್ಲಿ ಕೂತಿರುವುದು ಸರಿಯಲ್ಲ ಅನ್ನಿಸಿತು. ಅದನ್ನು ಮುಂದಿನ ಹಾಲಿಗೆ ತರಿಸಿದೆ.

ಭಾವ ರಿಜಿಸ್ಟರಿನಲ್ಲಿ ಒಯ್ದವನ ಸಹಿ ಹಾಕಿ ಪೆಟ್ಟಿಗೆ ತಂದ. ಕಾಂಕ್ರೀಟು ಹಿಂಡುವ ಮೆಶಿನು, ಜರಡಿಗಳು, ಡ್ರಿಲ್ಲು, ತಕ್ಕಡಿ, ಎಲ್ಲದರ ನಡುವೆ ಹಳದಿ ಪೆಟ್ಟಿಗೆ. ಬೀಗ ಹಾಕಿದ ಆಯುಧವನ್ನು ಪೂಜೆಗೆ ಇಡುವುದೇ ಎಂದು ಸರಪಳಿಯನ್ನೂ ಬೀಗಗಳನ್ನೂ ಬಿಚ್ಚಿಸಿ ತಟ್ಟೆಯಲ್ಲಿಡಿಸಿದೆ. ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ. ಲ್ಯಾಬಿನ ಹುಡುಗಿಯರು ಮೊಬೈಲಿನಲ್ಲಿ ಫೋಟೋ ತೆಗೆದರು. ನನಗೆ ಖುಷಿಯೋ ಖುಷಿ.

ಮೂರು ಗಂಟೆಗೆ ಎಲ್ಲರನ್ನೂ ಮನೆಗೆ ಕಳಿಸಿದೆ. ಇಬ್ಬರು ಮರಾಠಿ ಹುಡುಗಿಯರು ಮಾತ್ರ ಉಳಿದು ಪ್ರಸಾದದ ಪಾತ್ರೆ ತೊಳೆಯುತ್ತಿದ್ದರು. ಭಾವ ಸ್ಟೋರಿನ ಕೀಲಿ ಹಿಡಿದುಕೊಂಡು ಬಂದ.

“ಪೆಟ್ಟಿಗೆ ಒಳಗಿಡ್ತೇನೆ ಭಾವೆರೆ.”

“ಇವತ್ತು ಕದಲಿಸ್ಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಕಾಯಿ ಒಡೆದು ಇಡುವಾ.”

“ಬೇರೆದೆಲ್ಲ ಇರಲಿ. ಇದೊಂದು ಬೇಡ. ಹೊರಗೆ ಬಿಡ್ಲಿಕ್ಕೆ ಇಲ್ಲ ಇದನ್ನು.”

“ಶಟರು ಉಂಟಲ್ಲ. ವಾಚ್‌ಮನ್ ಉಂಟಲ್ಲ.”

“ಶಟರು ಲೆಕ್ಕಕ್ಕಿಲ್ಲ. ನಿಮಗೇ ಗೊತ್ತುಂಟು.”

ಅವನು ದನಿ ಏರಿಸಲಿಲ್ಲ. ಏರಿಸಿದವನು ನಾನು. ನನಗೆ ನಿಯಮ ಹೇಳಿಕೊಡುತ್ತಾನಲ್ಲ, ಅದೂ ನಾನು ಕಲಿಸಿದವ, ಎಂದು ಪಿತ್ತ ನೆತ್ತಿಗೇರಿತು. ಈ ಕೆಲಸ ಯಾರು ಕೊಡಿಸಿದ್ದು, ಯಾರ ದಯೆಯಿಂದ ಮನೆ ನಡೀತಾ ಉಂಟು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನ ಮುಖ ಬಿಳಿಚಿತು. ಹಾಗಾದರೆ ಇವತ್ತು ತಾನು ಇಲ್ಲೇ ಮಲಗುತ್ತೇನೆ ಎಂದ. ಅದಕ್ಕೂ ನಾನು ಬಿಡಲಿಲ್ಲ. ತಂಗಿ ಹಬ್ಬದ ಅಡಿಗೆ ಮಾಡಿ ನಮ್ಮೆಲ್ಲರಿಗೂ ಕಾಯುತ್ತಿದ್ದಳು. ನನ್ನ ಹೆಂಡತಿ ಮಕ್ಕಳು ವರ್ತಕ ನಗರದ ನಮ್ಮ ಮನೆಯಿಂದ ಆಗಲೇ ಹೊರಟಿದ್ದರು. ಹಬ್ಬದ ದಿನ ಮನೆಯ ಗಂಡಸು ಪೆಟ್ಟಿಗೆ ಕಾಯುತ್ತಾ ಕೂರುವುದು ಎಲ್ಲಿಯ ಕ್ರಮ ಎಂದು, ಪಾತ್ರೆ ತೊಳೆದ ಹುಡುಗಿಯರು ಹೊರಟದ್ದೇ, ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಶಟರಿನ ಬೀಗವನ್ನು ಅವನು ಎರಡು ಸಲ ಜಗ್ಗಿದ. ಲೋಕಲ್ ಟ್ರೇನಿನಲ್ಲಿ ಡೊಂಬಿವಲಿಯವರೆಗೆ ಸ್ಟೋರಿನ ಕೀಲಿ ಅವನ ಮುಷ್ಟಿಯಲ್ಲೇ ಇತ್ತು. ಊಟದ ಹೊತ್ತಿಗೆ ಮಾತ್ರ ಮಕ್ಕಳ ಜೊತೆ ನಕ್ಕ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ತೆಂಗಿನಕಾಯಿಯ ಜುಟ್ಟು ಸರಿಮಾಡುತ್ತಿದ್ದಾಗ ಅವನ ಫೋನು ಬಂತು. ಮನಸ್ಸು ತಡೆಯದೆ ಮೊದಲ ಲೋಕಲ್ ಹಿಡಿದು ಹೋಗಿದ್ದನಂತೆ.

“ಇಜ್ಜಿ ಭಾವೆರೆ” ಎಂದ. ಇಲ್ಲ, ಅಷ್ಟೇ. ಮತ್ತೆ ಇನ್ನೊಮ್ಮೆ, “ಇಜ್ಜಿ.”

ಶಟರಿನ ಬೀಗ ಕತ್ತರಿಸಿದ್ದರು. ಡ್ರಿಲ್ಲು, ತಾಮ್ರದ ಕೇಬಲ್ಲು, ಹಳದಿ ಪೆಟ್ಟಿಗೆ ಹೋಗಿದ್ದವು. ಒಳಗಿನ ಸ್ಟೋರಿನ ಕಬ್ಬಿಣದ ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಳ್ಳರು ಅದನ್ನು ಮುಟ್ಟಿರಲೇ ಇಲ್ಲ. ಪೆಟ್ಟಿಗೆ ಅಲ್ಲಿದ್ದಿದ್ದರೆ ಅಲ್ಲೇ ಇರುತ್ತಿತ್ತು. ನಾನು ಅಲ್ಲಿಗೆ ತಲುಪಿದ ಮೇಲೆ ಇಬ್ಬರೂ ಆ ಬಾಗಿಲನ್ನೇ ನೋಡುತ್ತ ನಿಂತೆವು.

ಹತ್ತು ಗಂಟೆಗೆ ಪೊಲೀಸರು ಬಂದರು. ವಿಕಿರಣದ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೆ ಸಾಹೇಬರು ಫೋನು ಮಾಡಿದರು. ಆಮೇಲೆ ನಮ್ಮೆಲ್ಲರನ್ನೂ ಹಾಲಿನಲ್ಲಿ ನಿಲ್ಲಿಸಿ ರಿಜಿಸ್ಟರು ತೆಗೆದರು. ಒಯ್ದವನ ಸಹಿ ಭಾವನದು. ತಂದಿಟ್ಟವನ ಜಾಗ ಖಾಲಿ.

“ಬಾಹರ್ ಕಿಸನೆ ಛೋಡಾ?” ಎಂದು ಕೇಳಿದರು. ಹೊರಗೆ ಬಿಟ್ಟವರು ಯಾರು?

ನಾನು ಬಾಯಿ ತೆರೆಯಬೇಕಿತ್ತು. ತೆರೆಯುತ್ತಿದ್ದೆನೋ ಏನೋ, ಅದನ್ನು ಈಗ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ. ನನ್ನ ಕಣ್ಣು ಆ ಇಬ್ಬರು ಹುಡುಗಿಯರ ಕಡೆ ಹೋಯಿತು. ಪಾತ್ರೆ ತೊಳೆಯುತ್ತ ಅವರು ನಮ್ಮ ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದರು. ಆದರೆ ಜಗಳ ತುಳುವಿನಲ್ಲಾಗಿತ್ತು. ನಾನು ಕೂಗಾಡಿದ್ದು ಅವರಿಗೆ ಗೊತ್ತು, ಯಾತಕ್ಕೆಂದು ಗೊತ್ತಿಲ್ಲ. ಆ ಹಾಲಿನಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಅದು ಹೊಳೆದ ಕ್ಷಣ ನನಗೆ ಒಂದು ಥರದ ಸಮಾಧಾನವಾಯಿತು. ನಾಚಿಕೆಗೇಡು, ಆದರೆ ಆಯಿತು.

“ಮೈನೆ, ಸರ್” ಎಂದ ಭಾವ, ನಾನೇ ಎಂದು. “ಒಳಗಿಡೋದು ಮರೆತೆ. ಇವರು ಮೊದಲೇ ಹೊರಗೆ ಹೋಗಿದ್ದರು.” ಹಿಂದಿಯಲ್ಲಿ, ಒಂದೇ ಉಸಿರಿಗೆ ಹೇಳಿಬಿಟ್ಟ. ಸಾಹೇಬರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

ಅಂದಿನಿಂದ ಹುಡುಕಾಟ. ಪೊಲೀಸರು ಅವರ ದಾರಿಯಲ್ಲಿ ಹುಡುಕಿದರು, ಇಲಾಖೆಯವರು ದೊಡ್ಡ ಉಪಕರಣ ತಂದು ಗಾಡಿಯಲ್ಲಿ ಸುತ್ತಿದರು. ಭಾವ ಬೆಳಗಾದರೆ ಮೊಬೈಲಿನಲ್ಲಿ ಪೆಟ್ಟಿಗೆಯ ಫೋಟೋ ಇಟ್ಟುಕೊಂಡು, ಲ್ಯಾಬಿನ ಚಿಕ್ಕ ಮೀಟರು ಕುತ್ತಿಗೆಗೆ ಹಾಕಿಕೊಂಡು, ಗುಜರಿ ಅಂಗಡಿಗಳ ಬೆನ್ನು ಹತ್ತಿದ. ಗುಜರಿಗೇ ಬರುತ್ತದೆ ಎಂದು ಅವನ ಹಟ, ಯಂತ್ರ ಮಾರಲು ಹೋದವನಿಗೆ ಗಿರಾಕಿ ಸಿಗುವುದಿಲ್ಲ, ಕೊನೆಗೆ ಕಬ್ಬಿಣವೆಂದು ಒಡೆದೇ ಒಡೆಯುತ್ತಾನೆ. ವಾಗ್ಳೆ ಎಸ್ಟೇಟಿನ ಗಲ್ಲಿಗಳಾದವು, ಡೊಂಬಿವಲಿಯ ಫ್ಯಾಕ್ಟರಿ ಏರಿಯಾ ಆಯಿತು, ಕಲ್ಯಾಣದ ಹಳೇ ಕಬ್ಬಿಣದ ಸಾಲು ಆಯಿತು, ಅಲ್ಲಿಂದ ಶಿಳಫಾಟಾ, ಮಹಾಪೆ, ತುರ್ಭೆ. ನಾನೂ ಜೊತೆಗೆ ಹೋಗುತ್ತಿದ್ದೆ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದೊಂದು ಅಂಗಡಿಯಲ್ಲೂ ಅವನು ಅದೇ ಮಾತನ್ನು ಬೇಸರವಿಲ್ಲದೆ ಹೇಳುತ್ತಿದ್ದ: ಭಾಯಿ, ಬಂದರೆ ಒಡೀಬೇಡಿ, ಮುಟ್ಟಬೇಡಿ, ದೂರ ಇಟ್ಟು ಈ ನಂಬರಿಗೆ ಫೋನು ಮಾಡಿ, ನಿಮ್ಮ ಮೇಲೆ ಕೇಸಿಲ್ಲ. ಕೆಲವರು ಬೈದು ಕಳಿಸಿದರು. ಒಬ್ಬ ಹಳೆಯ ಗ್ಯಾಸ್ ಸಿಲಿಂಡರ್ ತೋರಿಸಿ ಇದಾ ಎಂದು ನಕ್ಕ.

ಆ ದಿನಗಳಲ್ಲಿ ಅವನು ತನ್ನ ಕೆಲಸದ ಬಗ್ಗೆ ಒಂದು ಸಲವೂ ಮಾತಾಡಲಿಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ. “ಮಕ್ಕಳಿರುವ ಮನೆಯೊಳಗೆ ಇಟ್ಟುಕೊಂಡಿದ್ದರೆ ಭಾವೆರೆ? ಅದರ ಮೇಲೆ ಕೂತು ಊಟ ಮಾಡ್ತಾ ಇದ್ದರೆ?” ತಂಗಿ ಕಟ್ಟಿಕೊಟ್ಟ ಡಬ್ಬಿ ಹಾಗೇ ವಾಪಸು ಹೋಗುತ್ತಿತ್ತು. ಅವನ ಕೆನ್ನೆ ಒಳಗೆ ಹೋಗಿ ಬೇರೆಯೇ ಮನುಷ್ಯನಂತೆ ಕಾಣತೊಡಗಿದ.

ಆರನೆಯ ದಿನವೋ ಏಳನೆಯ ದಿನವೋ, ಕಲ್ಯಾಣದ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತಿದ್ದೆವು. ಕೆಳಗೆ ಒಂದರ ಹಿಂದೆ ಒಂದು ಲೋಕಲ್ ಹೋಗುತ್ತಿತ್ತು. ನಾನು ಧೈರ್ಯ ಮಾಡಿ, “ಭಾವಾ, ನಾನು ಸಾಹೇಬರ ಹತ್ರ ಹೇಳ್ತೇನೆ. ಅವತ್ತು ಬಿಟ್ಟದ್ದು ನಾನು” ಎಂದೆ.

ಅವನು ಕಂಬಿಯ ಮೇಲಿನ ಕೈ ತೆಗೆಯದೆ, “ಮೊದಲು ಪೆಟ್ಟಿಗೆ ಸಿಗಲಿ. ಇನ್‌ಚಾರ್ಜೇ ತಪ್ಪು ಮಾಡಿದ್ದು ಅಂತ ಈಗ ಆದ್ರೆ ಲ್ಯಾಬು ಮುಚ್ಚಿಸ್ತಾರೆ, ಹುಡುಕುವವರೂ ಇರೋದಿಲ್ಲ. ಸಿಕ್ಕಿದ ಮೇಲೆ ಹೇಳಿ” ಎಂದ.

ಸಿಕ್ಕಿದ ಮೇಲೆ ಹೇಳಿ. ಅವನು ಹೇಳಬೇಡಿ ಎಂದಿರಲಿಲ್ಲ. ಇದನ್ನು ನಾನು ಎಷ್ಟೋ ವರ್ಷ ನನಗೆ ಬೇಕಾದ ಹಾಗೆ ತಿರುಚಿಕೊಂಡಿದ್ದೆ, ಅವನೇ ಬೇಡ ಅಂದ ಎಂದು. ಬರೆಯುವಾಗ ಸುಳ್ಳು ಹೇಳುವುದು ಮಾತಿನಷ್ಟು ಸಲೀಸಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಒಂದು ಕಾರಣವಿದೆ, ನಮ್ಮ ಎರಡೂ ಮನೆಯ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ತಂಗಿಗೆ ಬರುತ್ತದೆ. ಅವಳ ಕಣ್ಣಿಗೆ ಬೀಳಲಿ ಎಂದು ಆಸೆಯೋ, ಬೀಳದಿರಲಿ ಎಂದೋ, ನನಗೇ ತಿಳಿಯುತ್ತಿಲ್ಲ.

ಹನ್ನೊಂದನೆಯ ದಿನ ಮಹಾಪೆಯ ಹಿಂದಿನ ಒಂದು ಗುಜರಿ ಅಂಗಳದಲ್ಲಿ ಮೀಟರಿನ ಮುಳ್ಳು ಎದ್ದಿತು. ಭಾವ ನನ್ನ ಎದೆಗೆ ಕೈ ಅಡ್ಡ ಹಾಕಿ ಹಿಂದೆ ನಿಲ್ಲಿಸಿ, ತಾನೊಬ್ಬನೇ ಒಂದೊಂದೇ ಹೆಜ್ಜೆ ಮುಂದೆ ಹೋದ. ತಗಡಿನ ಶೆಡ್ಡಿನ ಹಿಂದೆ, ಹಳೇ ಫ್ರಿಜ್ಜುಗಳ ಪಕ್ಕ, ಮಣ್ಣು ಮೆತ್ತಿದ ಹಳದಿ ಪೆಟ್ಟಿಗೆ. ಮುಚ್ಚಳ ಅರ್ಧ ತೆರೆದಿತ್ತು. ಗೇಜು ಒಳಗೇ ಇತ್ತು, ಇಡಿಯಾಗಿತ್ತು. ಅದರ ಮುಂದೆ ನೆಲದಲ್ಲಿ ಅರ್ಧ ಸುಟ್ಟ ಊದುಬತ್ತಿ ಚುಚ್ಚಿತ್ತು.

ಅಂಗಳದ ಒಡತಿ ನಡುವಯಸ್ಸಿನ ಹೆಂಗಸು. ಯಾರೋ ಇಬ್ಬರು ಟೆಂಪೋದಲ್ಲಿ ಬೇರೆ ಕಬ್ಬಿಣದ ಜೊತೆ ತಂದು ಹಾಕಿ ಹೋದರಂತೆ. ಕೆಲಸದವನು ಸುತ್ತಿಗೆ ಎತ್ತಿದ್ದನಂತೆ. ಅವಳೇ ತಡೆದಳಂತೆ. “ಹಳದ್-ಕುಂಕೂ ಲಾವಲೇಲಂ ಹೋತಂ. ಕಸಂ ಫೋಡಣಾರ್?” ಎಂದು ನಮ್ಮನ್ನೇ ಕೇಳಿದಳು. ಅರಿಶಿನ ಕುಂಕುಮ ಹಚ್ಚಿದ್ದನ್ನು ಒಡೆಯುವುದು ಹೇಗೆ ಎಂದು. ಯಾರದೋ ಪೂಜೆಯ ವಸ್ತು, ಹುಡುಕಿಕೊಂಡು ಬರುತ್ತಾರೆ ಎಂದು ಬದಿಗಿಡಿಸಿ ದಿನಾ ಒಂದು ಊದುಬತ್ತಿ ಹಚ್ಚುತ್ತಿದ್ದಳು.

ನನಗೆ ಆ ಕ್ಷಣದಲ್ಲಿ ಎಂಥ ಹೆಮ್ಮೆ ಬಂತೆಂದರೆ, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. “ನೋಡಿದೆಯಾ, ನನ್ನ ಪೂಜೆಯೇ ಕಾಪಾಡಿತು” ಎಂದುಬಿಟ್ಟೆ. ಭಾವ ಪೆಟ್ಟಿಗೆಯ ಮೇಲೆ ಬಗ್ಗಿದ್ದ. ಗೇಜಿನ ಹಿಡಿಯನ್ನು ತೋರಿಸಿದ. ಕಡ್ಡಿಯ ಬೀಗ ಬಿದ್ದೇ ಇತ್ತು. ಅವತ್ತು ಎಲ್ಲ ಬೀಗ ಬಿಚ್ಚು ಎಂದು ನಾನು ಹೇಳಿದಾಗ ಅದೊಂದನ್ನು ಮಾತ್ರ ಅವನು ನನಗೆ ಗೊತ್ತಾಗದ ಹಾಗೆ ಉಳಿಸಿಕೊಂಡಿದ್ದ. ಮುಚ್ಚಳ ತೆರೆದು ಕೈಯಾಡಿಸಿದವರಿಗೆ ಕಡ್ಡಿ ಕೆಳಗಿಳಿಸಲು ಆಗಿರಲಿಲ್ಲ. ಆಮೇಲೆ ಅವನು ಅಲ್ಲೇ ಫ್ರಿಜ್ಜುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ. ಆ ಹೆಂಗಸು ಹೆದರಿ ನೀರು ತಂದುಕೊಟ್ಟಳು. ಯಾರಿಗೂ ಏನೂ ಆಗಿರಲಿಲ್ಲ. ಇಲಾಖೆಯವರು ಬಂದು ಅವಳನ್ನೂ ಕೆಲಸದವರನ್ನೂ ಪರೀಕ್ಷೆಗೆ ಕಳಿಸಿ, ಚಿಂತೆಯಿಲ್ಲ ಎಂದರು.

ಪೆಟ್ಟಿಗೆ ಸಿಕ್ಕಿತಲ್ಲ. ಈಗ ನಾನು ಹೇಳಬೇಕಾಗಿತ್ತು.

ಒಂದು ವಾರ ಅವನು ಕಾದ. ದಿನಾ ಲ್ಯಾಬಿಗೆ ಬಂದು ನನ್ನ ಟೇಬಲ್ಲಿನ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದ, ವಿಚಾರಣೆ ಮುಗಿಯುವವರೆಗೆ ಅವನಿಗೆ ಕೆಲಸ ಕೊಡುವಂತಿರಲಿಲ್ಲ. ನಾನು ಫೈಲಿನಲ್ಲಿ ತಲೆ ಹುಗಿಸಿಕೊಂಡಿರುತ್ತಿದ್ದೆ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಸಾಹೇಬರು ಸಿಡಿಮಿಡಿಯಾಗಿರುತ್ತಿದ್ದರು, ಮತ್ತೊಂದು ನಾಳೆ ನನ್ನ ಮಗನ ಪರೀಕ್ಷೆ. ಕೊನೆಗೆ ಇಲಾಖೆಗೆ ರಿಪೋರ್ಟು ಕಳಿಸುವ ದಿನ ಬಂತು. ಬರೆಯಬೇಕಾದವನು ಸ್ಟೋರಿನ ಇನ್‌ಚಾರ್ಜ್. ಆಪರೇಟರನ ಅಜಾಗರೂಕತೆಯಿಂದ ಗೇಜನ್ನು ಸ್ಟೋರಿಗೆ ಮರಳಿಸದೆ ಹೊರಗೆ ಬಿಡಲಾಗಿತ್ತು ಎಂದು ನನ್ನ ಕೈಯಾರೆ ಟೈಪು ಮಾಡಿದೆ. ಅಜಾಗರೂಕತೆ ಎಂಬ ಮಾತನ್ನು ನಾನೇ ಆರಿಸಿದ್ದು, ಯಾರೂ ಹೇಳಿಕೊಟ್ಟದ್ದಲ್ಲ.

ಸಹಿಗೆಂದು ಅವನ ಮುಂದಿಟ್ಟೆ. ಎರಡು ಸಲ ಓದಿದ. ಓದಿ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ ಅವನಲ್ಲಿ. ಇನ್ನೂ ಕಾಯುತ್ತಿದ್ದ, ಅಷ್ಟೇ. ನಾನು ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟೆ.

ಸಹಿ ಹಾಕಿ ಎದ್ದ. ಬ್ಯಾಜು ತೆಗೆದು ಟೇಬಲ್ಲಿನ ಮೇಲಿಟ್ಟು, “ಬರ್ತೇನೆ, ನೀವು ಸಾಹೇಬರಿಗೆ ಕೊಟ್ಟುಬಿಡಿ” ಎಂದ. ಕನ್ನಡದಲ್ಲಿ ಎಂದ. ತುಳು ಬಿಟ್ಟು ಬೇರೆ ಭಾಷೆಯಲ್ಲಿ ಅವನು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಅದೇ ರೂಢಿಯಾಯಿತು. ಪರವೂರಿನವರ ಹತ್ತಿರ ಮಾತಾಡುವ ಹಾಗೆ, ಮರ್ಯಾದೆಗೆ ಒಂದಿಷ್ಟೂ ಕಡಿಮೆ ಮಾಡದೆ, ಕನ್ನಡದಲ್ಲಿ. ಭಾವೆರೆ ಎಂಬ ಕರೆ ನನ್ನ ಕಿವಿಗೆ ಮತ್ತೆ ಬೀಳಲಿಲ್ಲ.

ಆ ರಿಪೋರ್ಟಿನ ಮೇಲೆ ಅವನ ಕೆಲಸ ಹೋಯಿತು. ಈಗ ಅವನು ಠಾಣೆಯ ನೌಪಾಡಾದಲ್ಲಿ ನಮ್ಮವರದೇ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾನೆ. ನಾನು ಅಲ್ಲಿ ಕಾಫಿ ಕುಡಿಯಲು ಹೋದರೆ ಎದ್ದು ನಿಲ್ಲುತ್ತಾನೆ. ಬಳಗದ ಮದುವೆ ಮುಂಜಿಗಳಲ್ಲಿ ಯಾರಾದರೂ ಬೀಗದ ಮಾತೆತ್ತಿ ಅವನ ಕಡೆ ಕಣ್ಣು ಹೊಡೆದರೆ ಅವನೂ ನಗುತ್ತಾನೆ. ನಾನು ಹಲವು ಸಲ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿದ್ದೇನೆ.

ಈ ಸಲ ಮಳೆ ಮುಗಿದ ಮೇಲೆ ತಂಗಿಯ ಮಗಳಿಗೆ ಸಂಬಂಧ ಬಂತು. ಹುಡುಗನ ಕಡೆಯವರು ಕಲ್ಯಾಣದವರು, ದಕ್ಷಿಣ ಕನ್ನಡ ಮೂಲ. ಎಲ್ಲ ಒಪ್ಪಿಗೆಯಾಗಿ ಕೊನೆಯಲ್ಲಿ ಒಂದು ಮಾತು ಉಳಿಯಿತು. ಹುಡುಗಿಯ ಅಪ್ಪನನ್ನು ಏನೋ ಕಳವಿನ ಕೇಸಿನಲ್ಲಿ ಕೆಲಸದಿಂದ ತೆಗೆದರಂತೆ ಹೌದಾ ಎಂದು ಅವರು ಯಾರಿಂದಲೋ ಕೇಳಿಸಿದ್ದರು. ತಂಗಿ ಒಂದು ಮಧ್ಯಾಹ್ನ ವರ್ತಕ ನಗರದ ನಮ್ಮ ಮನೆಗೆ ಒಬ್ಬಳೇ ಬಂದಳು. “ನೀನು ಬಾ ಅಣ್ಣ. ನೀನು ಅಲ್ಲಿ ಮೇಲಿನವ ಆಗಿದ್ದೆ, ನಿನ್ನ ಮಾತು ನಂಬ್ತಾರೆ. ಕದ್ದವರಲ್ಲ, ಮರೆತದ್ದು ಮಾತ್ರ ಅಂತ ಹೇಳು” ಎಂದಳು.

ರಾತ್ರಿ ನಿದ್ದೆ ಬರಲಿಲ್ಲ. ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ದೇವರೂ ಕೊಡಲಾರ ಎಂದುಕೊಂಡೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿದೆ, ಎರಡೇ ಮಾತು, ಬಿಟ್ಟದ್ದು ನಾನು, ಬರೆದದ್ದೂ ನಾನು. ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡು ಹುಡುಗನ ಮನೆಗೆ ಹೊರಟೆ.

ಹುಡುಗನ ಅಪ್ಪ ಸಜ್ಜನ, ನಿವೃತ್ತ ಕ್ಲರ್ಕು. ಸೋಫಾದಲ್ಲಿ ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡರು. ಭಾವ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ತಂಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗಳು ಬಂದಿರಲಿಲ್ಲ.

“ನಿಮ್ಮ ಕೈಕೆಳಗೇ ಇದ್ದವರಲ್ಲ, ನೀವೇ ಹೇಳಿ” ಎಂದರು ಅವರು. “ನಮಗೆ ಬೇರೆ ಎಂತ ಇಲ್ಲ. ಮನುಷ್ಯ ಹೇಗೆ, ಅಷ್ಟು ಗೊತ್ತಾದರೆ ಸಾಕು.”

ಭಾವ ತಲೆ ಎತ್ತಿ ನನ್ನನ್ನು ನೋಡಿದ. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಹಾಗೆ ನೇರವಾಗಿ ನೋಡಿರಲಿಲ್ಲ.

“ಮನುಷ್ಯ ಅಪ್ಪಟ ಚಿನ್ನ” ಎಂದೆ. ಅಲ್ಲಿಯವರೆಗೆ ಸರಿಯಿತ್ತು. ಮುಂದಿನ ಮಾತು ಗಂಟಲಿಗೆ ಬಂತು. ಬಾಯಿಂದ ಹೊರಬಂದದ್ದು ಮಾತ್ರ ಬೇರೆ. “ಒಂದು ಸಲ ಮರೆವು ಆಯ್ತು. ಯಾರಿಗೆ ಆಗೋದಿಲ್ಲ ಹೇಳಿ? ನಾನು ಅದನ್ನು ಯಾವತ್ತೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.”

ಅವರ ಮುಖ ಅರಳಿತು. ಭಾವನ ಕಡೆ ತಿರುಗಿ, “ಇಂಥ ಭಾವ ಸಿಗ್ಲಿಕ್ಕೆ ಪುಣ್ಯ ಬೇಕು ಮಾರಾಯ್ರೆ” ಎಂದರು.

“ಹೌದು” ಎಂದ ಭಾವ. ಮತ್ತೆ ತನ್ನ ಕೈಗಳನ್ನು ನೋಡಿಕೊಂಡ. ಒಳಗಿನಿಂದ ಶೀರಾ ಬಂತು, ಎಲ್ಲರೂ ತಿಂದೆವು, ನಿಶ್ಚಿತಾರ್ಥಕ್ಕೆ ದಿನ ನೋಡುವ ಮಾತಾಯಿತು.

ಹೊರಡುವಾಗ ಭಾವ ಆಟೋ ಹುಡುಕಲು ಮುಂದೆ ಹೋದ. ಮೆಟ್ಟಿಲಿನ ತಿರುವಿನಲ್ಲಿ ತಂಗಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು.

“ಇವರು ಮಾಡಿದ್ದಕ್ಕೆ ನೀನು ಊರವರ ಮುಂದೆ ತಲೆ ತಗ್ಗಿಸಬೇಕಾಯ್ತಲ್ಲ ಅಣ್ಣ. ಇಷ್ಟು ವರ್ಷ ಕೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನಮ್ಮನ್ನು ಕ್ಷಮಿಸು.”

“ಇರಲಿ ಬಿಡು” ಎಂದು ನಾನು ಅವಳ ತಲೆ ಸವರಿದೆ.